ಅತ್ತೆಯ ಅಂಗಡಿಯ ಹಳೆ ಶಟರ್

ವಿಜಯನಗರದ ಮಾರ್ಕೆಟ್‌ನಿಂದ ಅತ್ತಿಗುಪ್ಪೆ ಕಡೆಗೆ ಹೋಗುವ ರಸ್ತೆಯೊಂದರಲ್ಲಿ ನನ್ನ ಸೋದರತ್ತೆಯ ಹೊಲಿಗೆ ಅಂಗಡಿ ಇದೆ. ಈಚೆಗೆ ಅದಕ್ಕೆ ಹೊಸ ಶಟರ್ ಬಂತು. ಎದೆಮಟ್ಟದವರೆಗೆ ತಗಡು, ಅದರ ಮೇಲೆ ಜಾಲರಿ. ರಸ್ತೆಯ ಅಂಗಡಿಗಳೆಲ್ಲ ಹೀಗೇ ಇರಬೇಕೆಂದು ಪಾಲಿಕೆಯವರು ನೋಟಿಸ್ ಅಂಟಿಸಿ ಹೋಗಿದ್ದರು. ಶಟರ್ ಎಳೆದ ಮೇಲೂ ಒಳಗಿನದು ರಸ್ತೆಗೆ ಕಾಣಬೇಕು, ಒಳಗಿನಿಂದಲೂ ತೆಗೆಯಲು ಬರಬೇಕು, ಒಳಗೆ ಜನ ಇರುವಾಗ ಹೊರಗೆ ಬೀಗ ಹಾಕಬಾರದು. ಅಂಗಡಿಯವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ. ಬೀಗದ ಆ ಸಾಲನ್ನು ಇನ್ನೊಮ್ಮೆ ಓದಿದೆ. ಆದರೂ ಹಳೆ ಶಟರನ್ನು ಸುತ್ತಿ ಗುಜರಿ ಗಾಡಿಗೆ ಹಾಕುವಾಗ ನೋಡುತ್ತ ನಿಲ್ಲಲು ಆಗಲಿಲ್ಲ.

ಆ ಶಟರಿನ ಕೆಳಗೆ ನಾನು ಬೆಳೆದಿದ್ದೆ. ಅಮ್ಮ ಆಫೀಸಿನಿಂದ ಬರುವವರೆಗೆ ಸ್ಕೂಲ್ ಬ್ಯಾಗಿನೊಂದಿಗೆ ಅತ್ತೆಯ ಅಂಗಡಿಯಲ್ಲೇ ಇರುತ್ತಿದ್ದೆ. ರಜೆಯಲ್ಲಿ ಬೆಳಿಗ್ಗೆ ಅವರ ಜೊತೆ ಅಂಗಡಿ ತೆಗೆಯಲು ಹೋಗುವುದೇ ಒಂದು ಸಂಭ್ರಮ. ಅಷ್ಟು ಹೊತ್ತಿಗೆ ರಸ್ತೆ ತುಂಬ ಶಟರುಗಳ ಸದ್ದು. ಔಷಧಿ ಅಂಗಡಿಯದು ಎಣ್ಣೆ ಕುಡಿದಂತೆ ನುಣ್ಣಗೆ ಮೇಲೇರುತ್ತಿತ್ತು. ಪಕ್ಕದ ಪಾತ್ರೆ ಅಂಗಡಿಯದು ಸ್ಟೀಲ್ ತಟ್ಟೆಗಳನ್ನೆಲ್ಲ ಒಟ್ಟಿಗೆ ಚೆಲ್ಲಿದ ಹಾಗೆ. ಅತ್ತೆಯದು ಅರ್ಧಕ್ಕೆ ನಿಲ್ಲುತ್ತಿತ್ತು. ಎಡಗಡೆ ಬುಡಕ್ಕೆ ಚಪ್ಪಲಿಗಾಲಿನಲ್ಲಿ ಒಂದು ಒದೆ ಕೊಟ್ಟರೆ ಮಾತ್ರ ಮುಂದಕ್ಕೆ. ಒದ್ದ ತಕ್ಷಣ ಅತ್ತೆ ಅದನ್ನೇ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಆಯುಧಪೂಜೆಯಲ್ಲಿ ಬಳಿದ ಕುಂಕುಮದ ಕಲೆ ಮುಂದಿನ ಆಯುಧಪೂಜೆಯವರೆಗೂ ಅದರ ಮೇಲೆ ಉಳಿಯುತ್ತಿತ್ತು. ಅರ್ಧ ಎಳೆದ ಶಟರಿನ ಕೆಳಗೆ ತಲೆ ಬಗ್ಗಿಸದೆ ನುಗ್ಗುತ್ತಿದ್ದ ನಾನು ಒಂದು ದಿನ ಹಣೆ ಬಡಿಸಿಕೊಂಡಾಗ ಅತ್ತೆ ನಕ್ಕಿದ್ದರು. "ದೊಡ್ಡೋಳಾದೆ ಕಣೇ. ಇನ್ಮೇಲೆ ಬಗ್ಗು."

ಎಲ್ಲಕ್ಕಿಂತ ಇಷ್ಟವಾಗುತ್ತಿದ್ದುದು ಬಂದ್ ದಿನಗಳು. ಆವತ್ತು ರಸ್ತೆಯ ಅಂಗಡಿಗಳೆಲ್ಲ ಅರ್ಧ ಶಟರ್. ಬಂದ್‌ಗೂ ಗೌರವ, ಗಿರಾಕಿಗೂ ದಾರಿ. ತಿರುವಿನಲ್ಲಿ ಘೋಷಣೆ ಕೇಳಿಸಿದರೆ ಪಾತ್ರೆ ಅಂಗಡಿ ಅಂಕಲ್ ಒಂದು ತಟ್ಟೆ ಬಡಿಯುವರು. ಮರುಗಳಿಗೆಯಲ್ಲಿ ಸಾಲಾಗಿ ಎಲ್ಲ ಶಟರ್ ಕೆಳಗೆ. ಒಳಗೆ ಕತ್ತಲು, ಸಂದಿಯಲ್ಲಿ ಒಂದು ಗೆರೆ ಬೆಳಕು. ಅತ್ತೆ ತುಟಿಯ ಮೇಲೆ ಬೆರಳಿಡುತ್ತಿದ್ದರು. ಹೊರಗೆ ಯಾರೋ ಕೋಲಿನಲ್ಲಿ ಶಟರ್ ಬಡಿದುಕೊಂಡು ಹೋಗುವಾಗ ನಾನು ಫ್ರಾಕಿನ ಅಂಚನ್ನು ಬಾಯಿಗೆ ತುರುಕಿಕೊಂಡು ನಗು ತಡೆಯುತ್ತಿದ್ದೆ. ಗುಂಪು ದಾಟುವವರೆಗೆ ಉಸಿರಿನ ಸದ್ದೂ ಇರಬಾರದು. ಆ ರಸ್ತೆಯವರಿಗೆ ಅದು ಮೈಗೇ ಹತ್ತಿದ ಪಾಠ.

ಹಬ್ಬದ ಕಾಲದಲ್ಲಿ ಬಂದ್ ಬಂದರೆ ಇನ್ನೊಂದು ಏರ್ಪಾಡು. ಬ್ಲೌಸುಗಳು ರಾಶಿ ಬಿದ್ದಿರುವಾಗ ಮತ್ತೆ ಮತ್ತೆ ಶಟರ್ ಎತ್ತಿ ಇಳಿಸುತ್ತ ಕೂರಲಾಗದು. ಅತ್ತೆ ಒಳಗೆ ಸೇರಿಕೊಂಡರೆ ಅಂಕಲ್ ಹೊರಗಿನಿಂದ ಬೀಗ ಹಾಕುವರು, ಸಂಜೆ ಬಂದು ತೆಗೆಯುವರು. ಬೀಗ ಕಂಡ ಅಂಗಡಿಯನ್ನು ಯಾರೂ ಬಡಿಯುವುದಿಲ್ಲ.

ಹೋದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆಯೂ ಹಾಗೇ ಆಯಿತು. ಬಂದ್ ಎಂದು ನನ್ನ ಆಫೀಸಿಗೂ ರಜೆ. ಅತ್ತೆಗೂ, ಅಂಗಡಿಯಲ್ಲಿ ಹುಕ್ಕು ಹೆಮ್ಮಿಂಗ್ ಕೆಲಸಕ್ಕೆ ಬರುವ ಅಕ್ಕನಿಗೂ ಚಿತ್ರಾನ್ನ ಕಟ್ಟಿಕೊಂಡು ಮಧ್ಯಾಹ್ನ ಹೊರಟೆ. ಶಟರಿನ ಬುಡದ ಸಂದಿಯಿಂದ ಡಬ್ಬಿ ತೂರಿಸುವುದು ನಮ್ಮ ಹಳೆಯ ಅಭ್ಯಾಸ. ರಸ್ತೆ ಖಾಲಿ ಇತ್ತು. ಅಂಕಲ್ ಬೀಗ ಹಾಕಿ ಬಾಪೂಜಿನಗರದ ಮನೆಗೆ ಊಟಕ್ಕೆ ಹೋಗಿದ್ದರು. ಡಬ್ಬಿ ಇಡಲು ಬಗ್ಗಿದಾಗ ಸಂದಿಯಿಂದ ಹೊಗೆ ಬಂತು. ಸುಟ್ಟ ಬಟ್ಟೆಯ ವಾಸನೆ.

"ಅತ್ತೆ" ಅಂದೆ. ಒಳಗಿನಿಂದ ಎರಡೂ ಕೈಯಲ್ಲಿ ಬಡಿಯುವ ಸದ್ದು.

"ಬೀಗ ತೆಗ್ಸೇ. ವೈರ್ ಹತ್ಕೊಂಡು ಲೈನಿಂಗ್ ಬಟ್ಟೆಗೆ ಬಿತ್ತು. ನೀರು ಹಾಕಿದೀವಿ, ಹೊಗೆ ತಡಿಯಕ್ಕಾಗ್ತಿಲ್ಲ" ಎಂದರು ಅತ್ತೆ. ಅವರ ಹಿಂದೆ ಅಕ್ಕ ಕೆಮ್ಮುತ್ತಿದ್ದರು.

ಅಂಕಲ್‌ಗೆ ಫೋನ್ ಮಾಡಿದೆ. "ಹೊರಟೆ ಕಣಮ್ಮ, ಹೊರಟೆ" ಎಂದವರು ಬರುವ ದಾರಿಯಲ್ಲೂ ಬಂದ್. ಬೀಗವನ್ನು ಕೈಯಲ್ಲಿ ಹಿಡಿದು ಜಗ್ಗಿದೆ. ಅದು ನನ್ನ ಕೈಗೆಲ್ಲಿ ಬಗ್ಗುತ್ತದೆ? ಒಳಗಿನ ಬಡಿತ ಮಾತ್ರ ನಿಂತಿರಲಿಲ್ಲ. ಅದು ಕೇಳುತ್ತಿರುವವರೆಗೆ ಅವರು ಇದ್ದಾರೆ ಎಂದು ಲೆಕ್ಕ.

ಆಗ ತಿರುವಿನಲ್ಲಿ ಘೋಷಣೆ ಕೇಳಿಸಿತು. ಮತ್ತು ಬಡಿತ ನಿಂತಿತು.

ಇವತ್ತಿಗೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ಹೊಗೆಯಲ್ಲ, ಆ ನಿಶ್ಶಬ್ದ. ಅತ್ತೆ ಅತ್ತೆ ಎಂದು ಶಟರಿಗೆ ಕಿವಿ ಹಚ್ಚಿ ಕರೆದೆ. ಉತ್ತರವಿಲ್ಲ. ತಗಡು ಎಂದಿನಂತೆ ಬೂದು ಬಣ್ಣದ ಗೋಡೆಯಾಗಿ ನಿಂತಿತ್ತು. ಹೋದ ಆಯುಧಪೂಜೆಯ ಕುಂಕುಮ ಅದರ ಮೇಲೆ ಇನ್ನೂ ಕೆಂಪಗಿತ್ತು. ಅದರಾಚೆ ಇಬ್ಬರೂ ಬಿದ್ದುಹೋಗಿದ್ದಾರೆ ಎಂದುಕೊಂಡೆ. ಬಾವುಟ ಹಿಡಿದ ಹುಡುಗರ ಗುಂಪು ಹತ್ತಿರ ಬಂತು. ರಸ್ತೆಯ ಮಧ್ಯಕ್ಕೆ ಓಡಿ ಅವರನ್ನೇ ಅಡ್ಡಗಟ್ಟಿದೆ.

"ಅಣ್ಣ, ಒಳಗೆ ಜನ ಇದಾರೆ. ಹೊಗೆ ತುಂಬಿದೆ. ಬೀಗ ಒಡೀರಿ."

ಮುಂದಿದ್ದವನು ಬೀಗ ನೋಡಿದ, ನನ್ನನ್ನು ನೋಡಿದ. "ಹೊರಗಡೆ ಬೀಗ ಹಾಕವ್ರಲ್ಲ ಅಕ್ಕ. ಒಳಗ್ ಯಾರವ್ರೆ?"

"ನಮ್ಮತ್ತೆ. ಬಂದ್ ಅಂತ ಬೀಗ ಹಾಕಿಸ್ಕೊಂಡು ಹೊಲೀತಿದ್ರು."

"ನಮಗೆ ಹೆದರ್ಕೊಂಡಾ?" ಎಂದವನು ಸಂದಿಯ ಹೊಗೆ ಕಂಡು ಹಿಂದೆ ತಿರುಗಿದ. "ಮಗಾ, ಆ ಸೈಜುಗಲ್ಲು ತಗೊಂಡ್ಬಾ. ಬೇಗ ಗುರು."

ಕಲ್ಲು ಬಿದ್ದ ಕೂಡಲೇ ಬೀಗ ಬಿಡಲಿಲ್ಲ. ಮತ್ತೆ ಮತ್ತೆ ಹೊಡೆದರು. ಕೊಂಡಿ ಕಿತ್ತು ಬಂದಾಗ ನಾಲ್ಕು ಕೈ ಸೇರಿ ಶಟರ್ ಎತ್ತಿದವು. ಅದು ಅರ್ಧಕ್ಕೆ ನಿಂತಿತು. ನಾನು ಎಡಗಡೆ ಬುಡಕ್ಕೆ ಒದ್ದೆ.

ಒಳಗೆ ಇಬ್ಬರೂ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಮೆಷೀನಿನ ಕೆಳಗೆ ಕುಳಿತಿದ್ದರು. ಅತ್ತೆಯ ಬಲಗೈ ಬೆರಳು ಆಗಲೂ ತುಟಿಯ ಹತ್ತಿರವೇ ಇತ್ತು. ಹೊರಗೆ ಕೂರಿಸಿ ನೀರು ಕುಡಿಸಿದ ಮೇಲೆ ಕೇಳಿದೆ, ಬಡಿಯೋದು ಯಾಕೆ ನಿಲ್ಲಿಸಿದಿರಿ ಎಂದು.

"ಬಂದ್‌ನೋರು ಬಂದ್ರಲ್ಲೇ" ಎಂದರು ಅತ್ತೆ, ಇಷ್ಟೂ ತಿಳಿಯದೇ ಎನ್ನುವ ಹಾಗೆ. "ಅವ್ರು ದಾಟ್ಕೊಳ್ಲಿ, ಆಮೇಲ್ ಬಡಿಯೋಣ ಅಂತ ಸುಮ್ನಾದ್ವಿ."

ಕಲ್ಲು ಎತ್ತಿದ ಹುಡುಗ ಅಲ್ಲೇ ಪಕ್ಕದಲ್ಲಿ ನಿಂತಿದ್ದ. "ನಮ್ಮಿಂದ ಜೀವಾನೇ ಹೋಗ್ತಿತ್ತಲ್ಲ ಆಂಟಿ" ಎಂದ. ಬಾಪೂಜಿನಗರದಿಂದ ಅರ್ಧ ದಾರಿ ಓಡಿಕೊಂಡೇ ಬಂದಿದ್ದ ಅಂಕಲ್ ಬೀಗದ ಕೈಯನ್ನು ಅತ್ತೆಯ ಅಂಗೈಗಿಟ್ಟು, "ಇನ್ಮೇಲೆ ನನ್ ಕೈಲಿ ಇದ್ ಮಾಡುಸ್ಬೇಡ ಕಣಮ್ಮ" ಎಂದು ತಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕುಳಿತರು.

ಆದರೂ ನೋಟಿಸ್ ಬಂದಾಗ ಅತ್ತೆ ಒಪ್ಪಲಿಲ್ಲ. "ಬೇಕರಿ ಗಾಜಿನೊಳಗಿನ ದಿಲ್‌ಪಸಂದ್ ಥರ ಕೂರ್ಬೇಕಾ ನಾನು? ಹೋಗೋರ್ ಬರೋರೆಲ್ಲ ಬಗ್ಗಿ ನೋಡ್ಲಿ ಅಂತಾನಾ?" ಹಳೆ ಶಟರಿಗೇ ಒಂದು ಕಿಂಡಿ ಕೊರೆಸಿದರೆ ಸಾಲದೇ ಎಂದು ಪಾಲಿಕೆಯವರನ್ನು ಕೇಳಿದರು. ನಾನು ಜಗಳವಾಡಲಿಲ್ಲ. ಆ ಹಳೆ ತಗಡಿನ ಮೇಲೆ ನನಗೂ ಪ್ರೀತಿ ಇತ್ತು. "ಆವತ್ತು ನೀವು ಸುಮ್ನಾದಾಗ ನಂಗೇನೂ ಕಾಣ್ಲಿಲ್ಲ ಅತ್ತೆ" ಎಂದೆ, ಅಷ್ಟೇ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ತಪ್ಪಿತು, ಮತ್ತೆ ತಪ್ಪಿತು. ಮಾರನೆಯ ದಿನ ಶಟರಿನವನಿಗೆ ಅವರೇ ಫೋನ್ ಮಾಡಿದರು.

ಹೊಸ ಶಟರಿಗೆ ಸದ್ದೇ ಇಲ್ಲ. ಒದೆಯೂ ಬೇಡ. ಅತ್ತೆ ಮಾತ್ರ ಇನ್ನೂ ಎಡಗಾಲು ಮುಂದಿಟ್ಟು, ನೆನಪಾಗಿ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ.

ಮೊನ್ನೆ ಮತ್ತೊಂದು ಬಂದ್. ಅಂಗಡಿಯಲ್ಲಿ ನಾವು ಮೂವರಿದ್ದೆವು. ಒಳಗಿನ ಚಿಲಕ ಮಾತ್ರ ಹಾಕಿತ್ತು. ತಿರುವಿನಲ್ಲಿ ಘೋಷಣೆ ಕೇಳಿದ್ದೇ ಮೆಷೀನ್ ನಿಂತಿತು, ಅತ್ತೆಯ ಬೆರಳು ತುಟಿಗೆ ಹೋಯಿತು. ನಾನು ಎದ್ದು ಜಾಲರಿಯ ಹತ್ತಿರ ಹೋದೆ. ಗುಂಪಿನಲ್ಲೊಬ್ಬ ಜಾಲರಿಗೆ ಮುಖ ತಂದು ಒಳಗೆ ನೋಡಿದ. ಆವತ್ತಿನವರಲ್ಲ, ಬೇರೆ ಯಾರೋ.

"ಆಂಟಿ, ಬೆರಳಿಟ್ಕೊಂಡಿದ್ರೂ ಕಾಣ್ತೀರ" ಎಂದ.

ಅತ್ತೆ ಬೆರಳು ತೆಗೆದರು. "ಕಾಣ್ಲಿ ಅಂತಾನೇ ಹಾಕ್ಸಿರೋದಪ್ಪ."

"ಸರಿ, ನಾವು ಆ ತಿರುವು ದಾಟೋಗಂಟ ಮೆಷೀನ್ ಹಾಕ್ಬೇಡಿ. ನಮ್ಗೂ ಮರ್ಯಾದೆ ಬೇಕಲ್ಲ."

ಅವರು ಹೋದರು. ಘೋಷಣೆ ತಿರುವು ದಾಟಿತು. ಅಕ್ಕ ಹುಕ್ಕೊಂದನ್ನು ಹಲ್ಲಲ್ಲಿ ಕಚ್ಚಿಕೊಂಡು ಕಾಯುತ್ತಿದ್ದರು. ನಾನು ಜಾಲರಿಯನ್ನು ಬಿಗಿಯಾಗಿ ಹಿಡಿದುಕೊಂಡು ಅತ್ತೆಯ ಮುಖವನ್ನೇ ನೋಡುತ್ತಿದ್ದೆ.

"ಕೈ ಬಿಡೇ, ಬಿದ್ದೋಗಲ್ಲ ಅದು" ಎಂದು ಅತ್ತೆ ಪೆಡಲ್ ಮೇಲೆ ಕಾಲಿಟ್ಟರು. ಮೆಷೀನ್ ಶುರುವಾಯಿತು.