ಈರವ್ವನ ಹಸಿರು

ಮಾಸಿದ ಸೀರೆ ಮುಂದಿಟ್ಟರೆ ಈರವ್ವ ಅದನ್ನು ಬಿಸಿಲಿಗೆ ಹಿಡಿದು, ಬೈಯುತ್ತಲೇ ಕೆಲಸ ಶುರು ಮಾಡುತ್ತಿದ್ದಳು. "ಸೋಡಾ ಹಾಕಿ ಹಾಕಿ ಕೊಂದೀರಲ್ಲ ಇದನ್ನ. ಇರ್ಲಿ ಬಿಡ್ರಿ, ನೀಲಿ ಇನ್ನಾ ಉಸಿರಾಡಕತ್ತೈತಿ. ಮ್ಯಾಲೆ ಹಳದಿ ಕುಡಿಸಿದ್ರ ಹಸಿರಾಗಿ ಎದ್ದು ಕುಂದರತೈತಿ."

ಸಂಡೂರಿನಲ್ಲಿ ರಸ್ತೆ ಪಕ್ಕದಲ್ಲೇ ನನ್ನ ಟೈಲರ್ ಅಂಗಡಿ, ಅದರ ಹಿಂದೆ ಅವಳ ಮನೆ. ಹಳೇ ಬಟ್ಟೆಗೆ ಮತ್ತೆ ಬಣ್ಣ ಹಾಕಿ, ತುಂಡು ಮಾಡಿ, ಕೌದಿ ಹೊಲಿಯುವುದೇ ಅವಳ ಬದುಕು. ನನ್ನಲ್ಲಿ ಉಳಿದ ಚೂರುಗಳನ್ನು ಕೊಟ್ಟರೆ ಅದಕ್ಕೂ ಬೈಗುಳ: "ಏನ್ ಟೇಲರೋ ಮಾರಾಯ, ಇಲಿ ಕಡದಂಗ ಕತ್ತರಿಸ್ತೀ."

ಆಮೇಲೆ ಅದಿರಿನ ಲಾರಿಗಳು ಬಂದವು. ತಾಡಪತ್ರಿ ಕಟ್ಟದೆ, ಒಂದರ ಬೆನ್ನಿಗೆ ಒಂದು. ನಮ್ಮ ಚಹಾ, ಅನ್ನ, ಮಕ್ಕಳ ಹುಬ್ಬು ಎಲ್ಲವೂ ಕೆಂಪು. ಆಗ ಊರಲ್ಲಿ ದುಡ್ಡು ಹರಿಯಿತು ಎಂದು ಖುಷಿಯಿಂದ ನೆನೆಯುವವರು ಈಗಲೂ ಇದ್ದಾರೆ. ಅವರ ಜೊತೆ ನಾನು ಕೂರುವುದಿಲ್ಲ.

ಆ ವರ್ಷ ಈರವ್ವನ ಮಗಳು ಹೆರಿಗೆಯಲ್ಲಿ ತೀರಿಕೊಂಡಳು. ಕೂಸನ್ನು ಎಮ್ಮಿಗನೂರಿನ ಬೀಗರು ಕರೆದೊಯ್ಯುವುದೆಂದು ಮಾತಾಯಿತು. ಕೂಸಿನ ಜೊತೆ ತಾಯಿಯದೊಂದು ಹೋಗಲಿ ಎಂದು ಈರವ್ವ ಮಗಳ ನೀಲಿ ಸೀರೆಗೆ ಹಳದಿ ಕುಡಿಸಿದಳು. ಹಗ್ಗದ ಮೇಲೆ ಎಳೇ ಭತ್ತದಂಥ ಹಸಿರು. ಅದು ಆರುವ ಮೊದಲೇ ಲಾರಿ ಸಾಲು ಹಾದುಹೋಯಿತು. ಎಷ್ಟು ತೊಳೆದರೂ ಕಂದು ಕಲೆಗಳು ಬಿಡಲಿಲ್ಲ.

ನನ್ನ ಅಂಗಡಿಗೆ ಅಳತೆ ಕೊಡಲು ಬಂದಿದ್ದ ಲಾರಿ ಮಾಲೀಕನೊಬ್ಬ ಅದನ್ನು ನೋಡಿ ನಕ್ಕ. "ಏನವ್ವಾ, ನಮ್ಮ ಲಾರಿ ಬಿಟ್ಟಿ ಬಣ್ಣ ಹಾಕೈತಲ್ಲ."

"ಹೌದಪಾ. ಬಿಟ್ಟಿ ತಗೊಂಡ್ರ ನನಗ ಆಗಿ ಬರಂಗಿಲ್ಲ." ಉಳಿದಿದ್ದ ಹಳದಿ ನೀರನ್ನು ಬೋಗುಣಿ ಸಮೇತ ಎತ್ತಿ ಅವನ ಬಿಳಿ ಅಂಗಿಗೆ ಸುರಿದಳು. "ತಗೋ, ನಿನಗೂ ಒಂದ್ ಬಣ್ಣ."

"ಲೇ ಮುದುಕಿ" ಎಂದು ಅವನು ಕೈ ಎತ್ತಿದ. ನಾನು ಕತ್ತರಿ ಹಿಡಿದೇ ನಡುವೆ ನಿಂತೆ. ಬೈದುಕೊಂಡು ಹೋದ.

"ಕರಿ ಬಣ್ಣ ಹಾಕಿಬಿಡವ್ವಾ, ಕಲೆ ಕಾಣಂಗಿಲ್ಲ" ಎಂದೆ.

"ಕಾಣಂಗಿಲ್ಲ, ನನಗ ಗೊತ್ತೈತಿ. ಅವರು ಮಾಡಿದ್ದನ್ನ ನಾ ಯಾಕ ಮುಚ್ಚಲಿ? ನನ್ನ ಮಗಳ ಸೀರಿ ಕರಿ ಮಾಡಿ ಮುಚ್ಚಲೇನು?"

ಕಲೆಯ ಭಾಗವನ್ನೇ ಕೌದಿಯ ನಡುವಿಗಿಟ್ಟು ಹೊಲಿದಳು. ಕೂಸನ್ನು ಒಯ್ಯಲು ಬಂದ ಬೀಗಿತ್ತಿ ಅದನ್ನು ಬಿಡಿಸಿ ಮುಖ ಸಿಂಡರಿಸಿದಳು. "ಇದೇನ್ರಿ ಬೀಗರ, ಹೊಲಸಾದಂಗ ಐತಿ. ಕೂಸಿಗಿ ಹೆಂಗ್ ಹೊಚ್ಚೋದು?"

"ಹಸಿರು ನನ್ನ ಮಗಳದು, ಕಲೆ ಲಾರಿದು. ಕೂಸು ದೊಡ್ಡದಾಗಿ ಕೇಳಿದ್ರ ಎರಡೂ ಹೇಳ್ರಿ."

ಬೀಗಿತ್ತಿ ಕೂಸಿಗೆ ಅದನ್ನೇ ಹೊದಿಸಿ ಬಸ್ ಹತ್ತಿದಳು.

ಈರವ್ವ ಮತ್ತೆ ಬಣ್ಣ ಕಲಸಲಿಲ್ಲ. ಮುಂದಿನ ಬೇಸಿಗೆಯಲ್ಲಿ ಕೆಮ್ಮುತ್ತ ಕೆಮ್ಮುತ್ತ ಹೋದಳು. ಸಾವಿಗೆ ಕಾರಣ ಉಸಿರಾಟದ ತೊಂದರೆ ಎಂದು ದವಾಖಾನೆಯಲ್ಲಿ ಬರೆದುಕೊಟ್ಟರು. ಧೂಳು ಎಂದು ಯಾರೂ ಬರೆಯಲಿಲ್ಲ.