ಗುಳಿಗೆಗೆ ಸಿಗದ ಶೇಖಮ್ಮ

ಪೋತ್ನಾಳದಲ್ಲಿ ಗೋಡೆಗೆ ಗಿಲಾವು ಮಾಡುವ ಮೇಸ್ತ್ರಿ ತಾಯಣ್ಣ ಇಪ್ಪತ್ತು ವರ್ಷ ಸೇಂದಿಯ ಮೇಲೆ ಒಬ್ಬಂಟಿಯಾಗಿ ದಂಡೆತ್ತಿ ಹೋದ ವೀರ. ಎದುರಾದ ಶೀಸೆಗಳನ್ನೆಲ್ಲ ಬರಿದು ಮಾಡಿಯೇ ಮನೆಗೆ ಮರಳುತ್ತಿದ್ದ. ಆ ಸೇಂದಿಯೋ, ಈಚಲು ಮರದ ಮುಖವನ್ನೇ ಕಾಣದ್ದು. ನೀರಿಗೆ ಮತ್ತಿನ ಪುಡಿ ಕಲಸಿದ್ದು.

ರಾಯಚೂರಿನ ಡಾಕ್ಟರ್ ಪ್ರಿಯದರ್ಶಿನಿ ಅವನ ಕೈನಡುಕ ನಿಲ್ಲಿಸಿದರು. ಆಸೆ ಮಾತ್ರ ಜಗ್ಗಲಿಲ್ಲ. ದೇವದುರ್ಗದ ಕೆಲಸಕ್ಕೆ ಹೊರಟರೆ, ಸೇಂದಿ ಅಂಗಡಿಯ ತಿರುವಿನಲ್ಲಿ ಕಾಲುಗಳು ತಾವಾಗಿಯೇ ಬಸ್ಸಿಳಿಯುತ್ತಿದ್ದವು. ಅದಕ್ಕೆ ಡಾಕ್ಟರು ಹೇಳಿದ್ದು ಒಂದು ಹೊಸ ಉಪಾಯ: ಬಿ.ಪಿ.ಗೆ ಕೊಡುವ ಗುಳಿಗೆ ನುಂಗಿ, ಒಂದು ತಾಸು ಬಿಟ್ಟು, ಸೇಂದಿ ಕುಡಿದ ಅತಿ ಸವಿಯಾದ ದಿನವನ್ನು ಡಾಕ್ಟರ ಮುಂದೆ ಬಿಡಿಸಿ ಹೇಳಬೇಕು. ವಾರಕ್ಕೊಮ್ಮೆ, ಆರು ವಾರ. ಹಾಗೆ ಎದ್ದ ನೆನಪು ಮತ್ತೆ ಮಲಗುವಾಗ ಹಲ್ಲು ಕಳೆದುಕೊಂಡಿರುತ್ತದಂತೆ.

ಆಸ್ಪತ್ರೆಯಲ್ಲಿ ಗುಳಿಗೆ ಕೊಡುವ ಮಹಮ್ಮದ್ ಹುಸೇನ್ ಇದಕ್ಕೆ 'ಮರೆವಿನ ಗುಳಿಗಿ' ಎಂದು ಹೆಸರಿಟ್ಟುಬಿಟ್ಟ. ತಾಯಣ್ಣ ಅದನ್ನೇ ನಂಬಿಬಿಟ್ಟ. ಆ ಸವಿಯಾದ ದಿನವೇ, ಅಂಗಡಿಯ ಬಾಗಿಲಲ್ಲಿ, ಅಪ್ಪನನ್ನು ಎಳೆದೊಯ್ಯಲು ಬಂದ ಶೇಖಮ್ಮನನ್ನು ಅವನು ಮೊದಲು ಕಂಡದ್ದು! ಸೇಂದಿಯ ಜೊತೆ ಹೆಂಡತಿಯೂ ಅಳಿಸಿಹೋದರೆ?

ಎರಡು ವಾರ ಕಥೆಯನ್ನು ಬಾಗಿಲ ತನಕ ತಂದು ನಿಲ್ಲಿಸಿದ. ನೊರೆ ಬಂತು, ಹುರಿದ ಶೇಂಗಾ ಬಂತು, ಶೇಖಮ್ಮ ಬರಲಿಲ್ಲ. ಆಸೆಯೂ ಹೋಗಲಿಲ್ಲ.

"ತಾಯಣ್ಣ, ಏನೋ ಮುಚ್ಚಿಡಾಕತ್ತೀರಿ," ಎಂದರು ಡಾಕ್ಟರು.

ಪಕ್ಕದಲ್ಲಿದ್ದ ಶೇಖಮ್ಮ ಗುಡುಗಿದಳು: "ಹೇಳ್ರಿ ಮತ್ತ! ಯಾವಾಕಿ ಅದಾಳ ಅಲ್ಲಿ?"

"ನೀನ ಅದೀಯಲ್ಲಬೇ!" ತಾಯಣ್ಣ ಅವಳತ್ತ ತಿರುಗಿದ. "ಅಂಗಡಿ ಮರತ್ರ ನೀನೂ ಮರತ್ಹೋಗ್ತಿ. ಆಮ್ಯಾಲ ಮನ್ಯಾಗ ನಿಂತು 'ಯಾರ್ರೀ ನೀವು' ಅಂತ ಕೇಳ್ಲೇನು?"

ಡಾಕ್ಟರು ನಗು ತಡೆದುಕೊಂಡರು. "ಗುಳಿಗಿ ಯಾರನ್ನೂ ಅಳಸೂದಿಲ್ರೀ. ನೆನಪು ಇರ್ತದ, ಅದರ ಸೆಳೆತ ಅಷ್ಟ ಕಡಿಮಿ ಆಗಬೇಕು. ಎಲ್ಲಾರಿಗೂ ಆಗ್ತದಂತ ಹೇಳಾಕ ಬರಂಗಿಲ್ಲ. ನೋಡೂಣು, ಪೂರಾ ಹೇಳ್ರಿ."

ತಾಯಣ್ಣ ಕಣ್ಣು ಮುಚ್ಚಿ ಬಾಗಿಲು ದಾಟಿದ. "ಇಕಿ ಬಂದು ಅಂದ್ಳು: 'ಏಳಲೇ, ನಮ್ಮಪ್ಪನ ಚಪ್ಲಿ ಮ್ಯಾಲ ಕುಂತಿ!'"

ಶೇಖಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

ಆರು ವಾರ ಮುಗಿದ ಮೇಲೆ ಇಬ್ಬರೂ ದೇವದುರ್ಗದ ಬಸ್ಸು ಹತ್ತಿದರು. ತಿರುವು ಬಂತು. ತಾಯಣ್ಣ ಅಂಗಡಿ ನೋಡಿದ, ಕಾಲು ಅಲುಗಲಿಲ್ಲ. ಬಸ್ಸು ಮುಂದೆ ಹೋಯಿತು, ಅವನೂ.

"ಅವತ್ತ ನಾ ಏನಂದೆ?" ಶೇಖಮ್ಮ ಪರೀಕ್ಷೆಗಿಳಿದಳು.

"ಚಪ್ಲಿ ಮ್ಯಾಲ ಕುಂತಿ ಅಂದಿ."

"ಉಟ್ಟ ಸೀರಿ ಬಣ್ಣ?"

ತಾಯಣ್ಣ ಕಿಟಕಿಯತ್ತ ಮುಖ ತಿರುಗಿಸಿದ. "ಅದು ಗುಳಿಗಿಕಿಂತ ಮೊದ್ಲ ಹೋಗಿತ್ತಬೇ!"