ಗಣಿತದ ಅಕ್ಕೋರು ಮತ್ತು ಜಾಂಬೋಟಿ ಬಸ್ಸು

ನಮ್ಮ ಗಣಿತದ ಅಕ್ಕೋರಿಗೆ ಬೋರ್ಡಿನ ಮೇಲಿನ ಅರ್ಧ ಎಟುಕುತ್ತಿರಲಿಲ್ಲ. ಅಷ್ಟು ಗಿಡ್ಡ. ಹಿಂದಿನ ತಾಸಿನ ಇತಿಹಾಸದ ಯುದ್ಧಗಳು ಮೇಲೆ ಹಾಗೇ ನಡೆದಿರುತ್ತಿದ್ದವು, ಕೆಳಗೆ ನಮ್ಮ ಸರಾಸರಿ, ಮಧ್ಯಾಂಕ, ಬಹುಲಕ. ಅಂಗೈಯಿಂದಲೇ ಬೋರ್ಡು ಒರೆಸಿ ಆ ಕೈಯನ್ನು ಸೊಂಟದ ಮೇಲಿಡುವರು. ಸೀರೆಯ ತುಂಬ ಬಿಳಿ ಬೆರಳುಗಳು. ಖಾನಾಪುರದ ಆ ಹೈಸ್ಕೂಲಿನಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ. ಅಕ್ಕೋರು ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ಬೈಗುಳವನ್ನು ಮಾತ್ರ ಎರಡೂ ಭಾಷೆಯಲ್ಲಿ ಧಾರಾಳವಾಗಿ ಹಂಚುತ್ತಿದ್ದರು.

ಅಂಥವರು ಹೋಗಿಬಿಟ್ಟರು. ಅವರ ಯಜಮಾನರನ್ನು ನಾವು ಕಾಕಾ ಅನ್ನುತ್ತೇವೆ. ಕಾಕಾ ಆಮೇಲೆ ಒಂದೇ ಮಾತು ಹಿಡಿದು ಕೂತರು: "ನಾನ ಹಟ ಮಾಡಿ ಆಪರೇಶನ್ ಮಾಡಸಿದೆ. ನಾನ ಕೊಂದೆ." ಬೆಳಗಾವಿಯ ಡಾಕ್ಟರು, ಮಾಡಿಸದಿದ್ದರೆ ಹೃದಯ ಹೆಚ್ಚು ದಿನ ತಾಳದು, ಮಾಡಿಸಿದರೆ ಬಹಳ ಮಂದಿ ಎದ್ದು ಓಡಾಡುತ್ತಾರೆ ಎಂದಿದ್ದರು. ಅವತ್ತು ಸಂಜೆ ನಾನು ಅದೇ ಊರಿನ ವಡಗಾವಿಯ ನನ್ನ ಮನೆಯಿಂದ ಆಸ್ಪತ್ರೆಗೆ ಊಟ ಒಯ್ದವಳು ಅಲ್ಲೇ ನಿಂತಿದ್ದೆ. ಅಕ್ಕೋರು ಏದುಸಿರಿನಲ್ಲೇ, "ಬಹಳ ಮಂದಿ ಏಳತಾರಂದ್ರ ಕೆಲವರು ಏಳೂದಿಲ್ಲಂತನೂ ಆತಲ್ರೀ ಡಾಕ್ಟರ್ರ? ಇರ್ಲಿ, ಮಾಡ್ರಿ" ಎಂದಿದ್ದರು. ಅವರು ಏಳಲಿಲ್ಲ. ಕಾಕಾ ಹೊತ್ತಿಗೆ ಸರಿಯಾಗಿ ಉಣ್ಣುವುದನ್ನು ಬಿಟ್ಟರು, ತಮ್ಮ ಬಿಪಿ ಮಾತ್ರೆಯನ್ನೂ ಬಿಟ್ಟರು. ಹೀಗೇ ಬಿಟ್ಟರೆ ಇವರೂ ದಕ್ಕುವುದಿಲ್ಲ ಎಂದು ನನಗೆ ದಿಗಿಲಾಯಿತು.

ನನಗೆ ಆಗ ಅಕ್ಕೋರ ಸಂಭವನೀಯತೆಯ ಪಾಠವೇ ನೆನಪಾಗುತ್ತಿತ್ತು. ಪುಸ್ತಕದಲ್ಲಿದ್ದದ್ದು ನಾಣ್ಯ, ದಾಳ, ಇಸ್ಪೀಟು. ಇಸ್ಪೀಟೆಂದರೆ ಅಕ್ಕೋರಿಗೆ ಆಗದು. "ಇದನ್ನ ಕಲಿಸಿದ್ರ ನಾಳೆ ನಿಮ್ಮ ಅಪ್ಪಂದಿರೂ ಕ್ಲಾಸಿಗೆ ಬಂದು ಕುಂದರತಾರ!" ಎಂದು ಪುಸ್ತಕ ಮುಚ್ಚಿ, ಜಾಂಬೋಟಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ ನನ್ನನ್ನು ಎಬ್ಬಿಸಿದರು.

"ಜಾಂಬೋಟಿ ಬಸ್ಸು ನಾಳೆ ಬರತೈತೇನು?"

"ಬರತೈತ್ರಿ."

"ಎಷ್ಟು ಬರತೈತಿ?"

ಕ್ಲಾಸೆಲ್ಲ ನಕ್ಕಿತು. ಬಸ್ಸು ಬರುತ್ತದೆ, ಇಲ್ಲ ಬರುವುದಿಲ್ಲ. ಎಷ್ಟು ಬರುತ್ತದೆ ಅಂದರೇನು? ಆಮೇಲೆ ನಾವೇ ದಿನಾ ಗುರುತು ಹಾಕಿ, ಜೋರು ಮಳೆಯಲ್ಲಿ ಐದು ದಿನಕ್ಕೊಮ್ಮೆ ಅದು ಕೈಕೊಡುತ್ತದೆ ಎಂದು ಕಂಡುಕೊಂಡೆವು.

ಇಷ್ಟು ಕಲಿತೂ ನಾನು ಹತ್ತನೇ ಇಯತ್ತೆಯ ಗಣಿತದಲ್ಲಿ ಡುಮ್ಕಿ ಹೊಡೆದೆ. ಮರುಪರೀಕ್ಷೆ ಬಂದದ್ದು ಸುರಿಯುವ ಮಳೆಯಲ್ಲಿ. ಬಸ್ಸು ಕೈಕೊಟ್ಟೀತೆಂದು ಹಿಂದಿನ ದಿನವೇ ಅಕ್ಕೋರು ನನ್ನನ್ನು ತಮ್ಮ ಮನೆಯಲ್ಲಿರಿಸಿಕೊಂಡರು. ಮರುದಿನ ನೋಡಿದರೆ ಬಸ್ಸು ಸರಿಯಾದ ಹೊತ್ತಿಗೆ ಬಂದೇ ಬಂತು! ಅದರಿಂದಲೇ ಇಳಿದ ನಮ್ಮಪ್ಪ ಕೊಡೆ ಕೊಡವುತ್ತ, "ನೋಡ್ರಿ ಅಕ್ಕೋರ, ಸುಮ್ನ ತ್ರಾಸ ತಗೊಂಡ್ರಿ" ಎಂದು ನಕ್ಕ. ಪಕ್ಕದಲ್ಲಿದ್ದ ಕಾಕಾನೂ ನಕ್ಕರು.

"ಬಂತು, ಛಲೋ ಆತು," ಎಂದರು ಅಕ್ಕೋರು. "ಅದು ಬಂತಂತ ನಾ ಮಾಡಿದ್ದು ತಪ್ಪಾಗೂದಿಲ್ರೀ. ಇವತ್ತಿಂದು ನಿನ್ನೆ ಯಾರಿಗೆ ಗೊತ್ತಿತ್ತು? ನಾಳೆ ಮತ್ತ ಪರೀಕ್ಷೆ ಇದ್ರ ಮತ್ತ ಇಟ್ಕೊಂತೇನಿ."

ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಖರೇ ಹೇಳಬೇಕೆಂದರೆ ನನಗೂ ಅವತ್ತು ತಿಳಿದಿರಲಿಲ್ಲ. ಪಾಸಾದೆ, ಅಷ್ಟೇ.

ಹೋದ ತಿಂಗಳು ಖಾನಾಪುರಕ್ಕೆ ಹೋದಾಗ ಕಾಕಾ ಮತ್ತೆ ಅದೇ ರಾಗ ತೆಗೆದರು. ನನಗೆ ಸಿಟ್ಟೇ ಬಂತು. ಊಟದ ತಾಟು ಮುಂದಿಟ್ಟು ಕೇಳಿದೆ:

"ಆಮ್ಯಾಲೆ ಏನಾತು ಅನ್ನೂದು ಬಾಜೂಕ ಇಡ್ರಿ ಕಾಕಾ. ಅವತ್ತ ಸಂಜೀಕ ನಿಮಗೇನು ಗೊತ್ತಿತ್ತು?"

"ಆಕಿಗೆ ಉಸಿರಾಡಾಕ ಆಗತಿದ್ದಿಲ್ಲ. ಡಾಕ್ಟರು ಮಾಡಸ್ರಿ ಅಂದ್ರು."

"ಬಿಟ್ಟಿದ್ರ?"

"ಉಳೀತಿದ್ದಿಲ್ಲ."

"ಹಂಗಾರ ಇವತ್ತ ಆ ಸಂಜಿ ತಿರುಗಿ ಬಂದ್ರ, ಏನ್ಮಾಡತೀರಿ?"

"ಮಾಡಸತೇನಿ, ತಂಗಿ" ಎಂದರು ಕಾಕಾ.

ಅಲ್ಲಿಯ ತನಕ ಅವರು ತಮ್ಮನ್ನು ಬೈದುಕೊಳ್ಳುವುದರಲ್ಲೇ ಇದ್ದರು. ಹೆಂಡತಿಗಾಗಿ ಒಮ್ಮೆಯೂ ಅತ್ತಿರಲಿಲ್ಲ. ಅವತ್ತು ಅತ್ತರು. ನಾನೂ ಬಾಜೂಕ ಕೂತು ನನ್ನ ಅಕ್ಕೋರಿಗಾಗಿ ಮನಸಾರೆ ಅತ್ತೆ.